ಇಲೆವನ್ ಪ್ಲಸ್: ಪಾಸಾಗುವುದು ಬೇರೆ, ಸೀಟು ಸಿಗುವುದು ಬೇರೆ

ಇಂಗ್ಲೆಂಡಿನಲ್ಲಿ 163 ಸರ್ಕಾರಿ ಗ್ರಾಮರ್ ಸ್ಕೂಲುಗಳಿವೆ, ಅಂದರೆ ಪರೀಕ್ಷೆ ನಡೆಸಿ ಮಕ್ಕಳನ್ನು ಆರಿಸಿಕೊಳ್ಳುವ ಸೆಕೆಂಡರಿ ಸ್ಕೂಲುಗಳು. ಫೀಸಿಲ್ಲ, ಪ್ರವೇಶ ಪರೀಕ್ಷೆಗೂ ದುಡ್ಡು ಕಟ್ಟಬೇಕಿಲ್ಲ. ಪ್ರೈಮರಿಯ ಕೊನೆಯ ವರ್ಷವಾದ ಇಯರ್ 6 ಶುರುವಾದ ಸೆಪ್ಟೆಂಬರ್‌ನಲ್ಲೇ, ಅಂದರೆ ಮಗುವಿಗೆ ಹತ್ತು ವರ್ಷವಾಗಿರುವಾಗ, ಇಲೆವನ್ ಪ್ಲಸ್ ಎಂಬ ಪರೀಕ್ಷೆ ನಡೆಯುತ್ತದೆ. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಈ ಪದ್ಧತಿ ಇಲ್ಲ, ನಾರ್ದರ್ನ್ ಐರ್ಲೆಂಡಿನ ಪರೀಕ್ಷೆಯೇ ಬೇರೆ. ಹಾಗಾಗಿ ಇಲ್ಲಿರುವುದೆಲ್ಲ ಇಂಗ್ಲೆಂಡಿನ ಲೆಕ್ಕ.

ಪುಸ್ತಕ ಕೊಳ್ಳುವ ಮೊದಲು ಒಂದು ಸಂಜೆ ಕೂತು, ನಿಮ್ಮ ಮನೆಯಿಂದ ದಿನಾ ಹೋಗಿಬರಬಹುದಾದ ಗ್ರಾಮರ್ ಸ್ಕೂಲುಗಳ ಪ್ರವೇಶ ನಿಯಮಗಳನ್ನು ಓದಿ. ಪ್ರತಿ ಸ್ಕೂಲಿನ ವೆಬ್‌ಸೈಟಿನಲ್ಲೂ 'ಅಡ್ಮಿಷನ್ಸ್ ಪಾಲಿಸಿ' ಅಂತ ಇರುತ್ತದೆ. ನಾಲ್ಕೈದು ಪುಟ, ಓದಲು ಬೇಸರವೇ, ಆದರೆ ಟ್ಯೂಷನ್‌ಗೆ ಸುರಿಯುವ ಹಣಕ್ಕಿಂತ ಇದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಸಿಇಟಿ ನೋಡಿ ಬೆಳೆದ ನಮಗೆ ಹೆಚ್ಚು ಅಂಕ ಬಂದವರಿಗೆ ಸೀಟು ಎಂಬುದು ತಲೆಯಲ್ಲಿ ಕೂತಿರುತ್ತದೆ. ಇಲ್ಲಿ ಕೆಲವು ಸ್ಕೂಲುಗಳು ಮಾತ್ರ ಹಾಗೆ. ಬಾರ್ನೆಟ್‌ನ ಕ್ವೀನ್ ಎಲಿಜಬೆತ್ಸ್ ಸ್ಕೂಲಿಗೆ ಕ್ಯಾಚ್‌ಮೆಂಟ್ ಏರಿಯಾ (ಆದ್ಯತೆ ಸಿಗುವ ಸುತ್ತಲಿನ ಪ್ರದೇಶ) ಇಲ್ಲ, ಬಹುಪಾಲು ಸೀಟು ರ್‍ಯಾಂಕಿನ ಮೇಲೆ ಹೋಗುತ್ತದೆ. ಬಕಿಂಗ್‌ಹ್ಯಾಮ್‌ಶೈರ್‌ನಲ್ಲಿ 121 ಬಂದರೆ ಅರ್ಹತೆ. ಅಲ್ಲಿನ ಹೆಚ್ಚಿನ ಸ್ಕೂಲುಗಳಲ್ಲಿ 121 ಬಂದವರೂ 141 ಬಂದವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಆಮೇಲೆ ನೋಡುವುದು ಮನೆ ಕ್ಯಾಚ್‌ಮೆಂಟಿನೊಳಗಿದೆಯೇ, ಅಣ್ಣನೋ ಅಕ್ಕನೋ ಅದೇ ಸ್ಕೂಲಿನಲ್ಲಿದ್ದಾರೆಯೇ, ಗೇಟಿಗೆ ಎಷ್ಟು ದೂರ ಎಂಬುದನ್ನು. ಸ್ಲೌ ಊರಿನ ನಾಲ್ಕು ಸ್ಕೂಲುಗಳಿಗೆ ಅರ್ಹತೆಯ ಗೆರೆ 111. ಕೆಂಟ್‌ನಲ್ಲಿ ಒಟ್ಟು ಅಂಕದ ಜೊತೆಗೆ ಪ್ರತಿ ವಿಭಾಗದಲ್ಲೂ ಕನಿಷ್ಠ ಅಂಕ ಬೇಕು. ಗಣಿತದಲ್ಲಿ ಆಕಾಶ ಮುಟ್ಟಿ ಇಂಗ್ಲಿಷಿನಲ್ಲಿ ಜಾರಿದರೆ ಒಟ್ಟು ಎಷ್ಟಿದ್ದರೂ ಉಪಯೋಗವಿಲ್ಲ.

ಈ ಅಂಕಗಳು ನೂರಕ್ಕೆ ಇಷ್ಟು ಎಂಬ ಲೆಕ್ಕವಲ್ಲ. ಸರಿಯುತ್ತರಗಳ ಸಂಖ್ಯೆಯನ್ನು ಮಗುವಿನ ವಯಸ್ಸಿನ ತಿಂಗಳಿಗೆ ತಕ್ಕಂತೆ ಹೊಂದಿಸಿ, ಸರಾಸರಿ 100 ಆಗುವಂತೆ ಮಾಡಿರುತ್ತಾರೆ. ಆಗಸ್ಟ್‌ನಲ್ಲಿ ಹುಟ್ಟಿದ ಮಗು ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಸಹಪಾಠಿಗಿಂತ ಸುಮಾರು ಒಂದು ವರ್ಷ ಚಿಕ್ಕದು, ಆ ಕೊರತೆಯನ್ನು ಹೀಗೆ ತುಂಬುತ್ತಾರೆ. ಆದ್ದರಿಂದ 'ಎಷ್ಟು ಪರ್ಸೆಂಟ್ ತೆಗೆದರೆ ಪಾಸು?' ಎಂಬ ಪ್ರಶ್ನೆಗೆ ಖಚಿತ ಉತ್ತರವಿಲ್ಲ. ಇದೆ ಎನ್ನುವ ಟ್ಯೂಟರನ್ನು ಸ್ವಲ್ಪ ಅನುಮಾನದಿಂದಲೇ ನೋಡಿ.

ಯಾವ ಊರಿಗೆ ಯಾವ ಪೇಪರ್

ಈಗ ಹೆಚ್ಚಿನ ಕಡೆ ಪ್ರಶ್ನೆಪತ್ರಿಕೆ ತಯಾರಿಸುವುದು ಜಿಎಲ್ ಅಸೆಸ್‌ಮೆಂಟ್. ಹಿಂದೆ ಹಲವು ಕಡೆ ಪೇಪರ್ ಕೊಡುತ್ತಿದ್ದ ಸೆಮ್ (CEM) ಎಂಬ ಸಂಸ್ಥೆ ಕಾಗದದ ಪರೀಕ್ಷೆಗಳನ್ನು ನಿಲ್ಲಿಸಿದೆ, ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಳ್ಳುವವರು ಇದನ್ನು ಗಮನಿಸಬೇಕು. ಜಿಎಲ್‌ನಲ್ಲಿ ಬರುವುದು ನಾಲ್ಕು ವಿಷಯ: ಇಂಗ್ಲಿಷ್, ಗಣಿತ, ವರ್ಬಲ್ ರೀಸನಿಂಗ್ (ಪದಗಳ ತರ್ಕ), ನಾನ್ ವರ್ಬಲ್ ರೀಸನಿಂಗ್ (ಚಿತ್ರಗಳ ತರ್ಕ). ನಾಲ್ಕೂ ಎಲ್ಲ ಕಡೆ ಇರುವುದಿಲ್ಲ. ಲಿಂಕನ್‌ಶೈರ್‌ನಲ್ಲಿ ರೀಸನಿಂಗ್ ಮಾತ್ರ. ಎಸೆಕ್ಸ್‌ನ ಸಿಎಸ್‌ಎಸ್‌ಇ ಪರೀಕ್ಷೆಯಲ್ಲಿ ಇಂಗ್ಲಿಷ್ ಮತ್ತು ಗಣಿತ, ಅದೂ ಉತ್ತರವನ್ನು ಕೈಯಾರೆ ಬರೆಯಬೇಕು. ಬರೀ ಮಲ್ಟಿಪಲ್ ಚಾಯ್ಸ್ ಅಭ್ಯಾಸ ಮಾಡಿಸಿ ಅಲ್ಲಿಗೆ ಕಳಿಸಿದರೆ ಮಗು ತಬ್ಬಿಬ್ಬಾಗುತ್ತದೆ. ಕೆಂಟ್‌ನಲ್ಲಿ ಒಂದು ಬರವಣಿಗೆಯ ಭಾಗವೂ ಇದೆ. ಅದಕ್ಕೆ ಅಂಕವಿಲ್ಲ, ಆದರೆ ಗೆರೆಯ ಅಂಚಿನಲ್ಲಿ ನಿಂತ ಮಕ್ಕಳ ವಿಷಯ ಹೆಡ್‌ಟೀಚರುಗಳ ಸಮಿತಿಗೆ ಹೋದಾಗ ಅದನ್ನು ತೆಗೆದು ನೋಡುತ್ತಾರೆ. ಸಟನ್ ಕಡೆಯ ಕೆಲವು ಸ್ಕೂಲುಗಳಲ್ಲಿ ಮೊದಲ ಸುತ್ತು ದಾಟಿದವರಿಗೆ ಎರಡನೇ ಸುತ್ತಿದೆ.

ನಿಜವಾದ ಹಳೆಯ ಜಿಎಲ್ ಪ್ರಶ್ನೆಪತ್ರಿಕೆಗಳು ಹೊರಗೆ ಬರುವುದಿಲ್ಲ. 'ಪಾಸ್ಟ್ ಪೇಪರ್' ಅಂತ ಮಾರುವುದೆಲ್ಲ ಯಾರೋ ಬರೆದ ಮಾದರಿ. ಜಿಎಲ್ ತಾನೇ ಉಚಿತವಾಗಿ ಕೊಡುವ ಪರಿಚಯದ ಪೇಪರುಗಳನ್ನು ಮೊದಲು ಇಳಿಸಿಕೊಂಡು ಉತ್ತರಪತ್ರಿಕೆಯ ಸಮೇತ ಪ್ರಿಂಟ್ ಮಾಡಿ.

ತಯಾರಿ

ಇಯರ್ 4ರಲ್ಲಿ ಮಗ್ಗಿ 12ರವರೆಗೆ ನಿದ್ದೆಯಲ್ಲೂ ಬರುವಂತಾಗಲಿ, ಜೊತೆಗೆ ದಿನಕ್ಕೆ ಅರ್ಧ ಗಂಟೆ ಓದು. ಅಷ್ಟು ಸಾಕು. ಇಯರ್ 5ರ ಶುರುವಿನಿಂದ ಈಸ್ಟರ್‌ವರೆಗೆ ವಾರಕ್ಕೆ ನಾಲ್ಕೈದು ಗಂಟೆ, ಒಂದೊಂದು ಬಾರಿ ನಲವತ್ತು ನಿಮಿಷ ಮೀರದಂತೆ, ಗಡಿಯಾರ ಇಡದೆ ವಿಷಯ ಕಲಿಸಿ. ಇಲ್ಲೊಂದು ತೊಡಕಿದೆ. ಅನುಪಾತ, ಸರಳ ಬೀಜಗಣಿತದಂಥ ಪಾಠಗಳನ್ನು ಸ್ಕೂಲು ಇಯರ್ 6ರಲ್ಲಿ ಮಾಡುತ್ತದೆ, ಪರೀಕ್ಷೆಯೋ ಇಯರ್ 6ರ ಮೊದಲ ವಾರಗಳಲ್ಲೇ ಬಂದುಬಿಡುತ್ತದೆ. ಈ ಭಾಗ ಮನೆಯಲ್ಲೇ ಆಗಬೇಕು. ಬಾಂಡ್, ಸಿಜಿಪಿ ಪುಸ್ತಕಗಳು ಇದಕ್ಕೆ ಸಾಕಾಗುತ್ತವೆ.

ಗಣಿತದ ಒಂದು ಮಾದರಿ ನೋಡಿ. ಒಂದು ಸ್ಕೂಲಿನಲ್ಲಿ ಹುಡುಗರಿಗೂ ಹುಡುಗಿಯರಿಗೂ 3:4 ಅನುಪಾತ, ಹುಡುಗಿಯರು 30 ಜನ ಹೆಚ್ಚು. ಒಟ್ಟು ಎಷ್ಟು ಮಕ್ಕಳು? ಕೊಟ್ಟಿರುವ ಆಯ್ಕೆಗಳು 70, 90, 120, 210, 240. ಒಂದು ಪಾಲಿನ ವ್ಯತ್ಯಾಸವೇ 30, ಒಟ್ಟು ಏಳು ಪಾಲು, ಉತ್ತರ 210. ಆದರೆ 90 (ಹುಡುಗರು) ಮತ್ತು 120 (ಹುಡುಗಿಯರು) ದಾರಿಯ ಮಧ್ಯೆ ಸಿಗುವ ಸಂಖ್ಯೆಗಳು. ಅವಸರದ ಮಗು ತನ್ನ ಲೆಕ್ಕದ ಸಂಖ್ಯೆ ಆಯ್ಕೆಗಳಲ್ಲಿ ಕಂಡ ಕೂಡಲೇ ಗೆರೆ ಎಳೆದು ಮುಂದೆ ಹೋಗುತ್ತದೆ. ಇದಕ್ಕೆ ಇನ್ನಷ್ಟು ಲೆಕ್ಕ ಮಾಡಿಸುವುದು ಮದ್ದಲ್ಲ. ಪ್ರಶ್ನೆಯ ಕೊನೆಯ ಸಾಲಿನಲ್ಲಿ ಏನು ಕೇಳಿದ್ದಾರೋ ಅದರ ಕೆಳಗೆ ಪೆನ್ಸಿಲ್‌ನಿಂದ ಗೀಟು ಹಾಕುವ ಅಭ್ಯಾಸ ಮಾಡಿಸಿ.

ನಮ್ಮ ಮನೆಗಳ ಮಕ್ಕಳಿಗೆ ಸಾಮಾನ್ಯವಾಗಿ ಪೆಟ್ಟು ಬೀಳುವುದು ಗಣಿತದಲ್ಲಲ್ಲ, ಇಂಗ್ಲಿಷ್ ಪದಗಳಲ್ಲಿ. ಮನೆಯಲ್ಲಿ ಕನ್ನಡ ಮಾತಾಡಿದ್ದರಿಂದ ಹೀಗಾಯಿತು ಅಂತ ಕನ್ನಡ ನಿಲ್ಲಿಸುವವರಿದ್ದಾರೆ, ಅದು ಶುದ್ಧ ದಡ್ಡತನ. ಪರೀಕ್ಷೆಗೆ ಬೇಕಾದ ಪದಗಳು ಯಾರ ಮನೆಯ ಮಾತಿನಲ್ಲೂ ಬರುವುದಿಲ್ಲ, ಪುಸ್ತಕದಲ್ಲಿ ಮಾತ್ರ ಸಿಗುತ್ತವೆ. ವರ್ಬಲ್ ರೀಸನಿಂಗ್‌ನ ಒಂದು ಬಗೆಯ ಪ್ರಶ್ನೆಯಲ್ಲಿ ಎರಡು ಜೋಡಿ ಪದ ಕೊಟ್ಟು ಎರಡಕ್ಕೂ ಹೊಂದುವ ಒಂದೇ ಪದ ಕೇಳುತ್ತಾರೆ: ಒಂದು ಜೋಡಿ ನೀರಿನ ಹರಿವಿನದು, ಇನ್ನೊಂದು 'ಈಗಿನದು, ಸದ್ಯದ್ದು' ಎಂಬ ಅರ್ಥದ್ದು. ಉತ್ತರ 'ಕರೆಂಟ್'. ಕರೆಂಟ್ ಹೋಯ್ತು ಎನ್ನುವ ಅರ್ಥ ಒಂದೇ ಗೊತ್ತಿದ್ದರೆ ಮಗು ಅಲ್ಲೇ ನಿಂತುಬಿಡುತ್ತದೆ. ಅದಕ್ಕೆ ಪದಗಳ ಪಟ್ಟಿ ಬಾಯಿಪಾಠ ಮಾಡಿಸುವುದಕ್ಕಿಂತ ಒಂದು ನೋಟ್‌ಬುಕ್ ಇಡಿ: ಪದ, ಅದು ಸಿಕ್ಕಿದ ವಾಕ್ಯ, ವಿರುದ್ಧಪದ, ಇನ್ನೊಂದು ಅರ್ಥವಿದ್ದರೆ ಅದು. ದಿನಕ್ಕೆ ಐದೇ ಪದ. ಮೂರು ದಿನ ಬಿಟ್ಟು ಒಮ್ಮೆ, ಹತ್ತು ದಿನ ಬಿಟ್ಟು ಇನ್ನೊಮ್ಮೆ ಕೇಳಿ.

ನಾನ್ ವರ್ಬಲ್‌ನ ಚಿತ್ರಗಳಿಗೆ ಮಗು ಒಂದೇ ಕ್ರಮದಲ್ಲಿ ನೋಡುವುದು ರೂಢಿಯಾಗಬೇಕು: ಆಕಾರ, ಸಂಖ್ಯೆ, ಗಾತ್ರ, ಒಳಗಿನ ಬಣ್ಣ, ದಿಕ್ಕು, ಜಾಗ. ತಿರುಗಿಸಿದ ಚಿತ್ರಕ್ಕೂ ಕನ್ನಡಿಯ ಬಿಂಬಕ್ಕೂ ವ್ಯತ್ಯಾಸ ಗೊತ್ತಾಗದಿದ್ದರೆ ಕಾಗದದಲ್ಲಿ ಆಕಾರ ಕತ್ತರಿಸಿ ಕೈಗೆ ಕೊಡಿ. ಮೇಜಿನ ಮೇಲೆ ತಿರುಗಿಸಿ ಹೊಂದಿದರೆ ತಿರುಗಿದ್ದು, ಮಗುಚಲೇಬೇಕಾದರೆ ಬಿಂಬ.

ಈಸ್ಟರ್ ಆದಮೇಲೆ ಗಡಿಯಾರ ತನ್ನಿ. ಜಿಎಲ್ ಮಾದರಿಯ ವರ್ಬಲ್ ಪೇಪರಿನಲ್ಲಿ 50 ನಿಮಿಷಕ್ಕೆ 80 ಪ್ರಶ್ನೆ ಇರುವುದುಂಟು, ಒಂದಕ್ಕೆ 40 ಸೆಕೆಂಡೂ ಸಿಗುವುದಿಲ್ಲ. ಬಾರದಿದ್ದರೆ ಬಿಟ್ಟು ಮುಂದೆ ಹೋಗುವುದೂ ಕಲಿಯಬೇಕಾದ ವಿದ್ಯೆಯೇ. ಜೂನ್‌ನಿಂದ ಎರಡು ವಾರಕ್ಕೊಂದು ಮಾಕ್ ಟೆಸ್ಟ್ ಸಾಕು. ಪ್ರತಿ ಮಾಕ್ ಆದಮೇಲೆ ತಪ್ಪುಗಳನ್ನು ಮೂರು ಗುಂಪು ಮಾಡಿ: ಗೊತ್ತಿರಲಿಲ್ಲ, ತಪ್ಪಾಗಿ ಓದಿದ್ದು, ಸಮಯ ಸಾಲಲಿಲ್ಲ. ಮೊದಲನೆಯದಕ್ಕೆ ಪಾಠ ಬೇಕು, ಎರಡನೆಯದಕ್ಕೆ ಪೆನ್ಸಿಲ್ ಗೀಟು, ಮೂರನೆಯದಕ್ಕೆ ಗಡಿಯಾರ ಇಟ್ಟು ಹತ್ತು ನಿಮಿಷದ ಸಣ್ಣ ಅಭ್ಯಾಸಗಳು. ಮೂರಕ್ಕೂ 'ಇನ್ನೊಂದು ಪೇಪರ್ ಮಾಡು' ಎಂದರೆ ಅಂಕ ಕದಲುವುದಿಲ್ಲ.

ಉತ್ತರಪತ್ರಿಕೆಯನ್ನು ಓದುವುದು ಯಂತ್ರ. ಚೌಕದೊಳಗೆ ಪೆನ್ಸಿಲ್‌ನ ಅಡ್ಡಗೆರೆ ಎಳೆಯಬೇಕು, ಟಿಕ್ ಅಲ್ಲ, ಸುತ್ತು ಅಲ್ಲ. ಉತ್ತರ ಬದಲಿಸಿದರೆ ಹಳೆಯ ಗೆರೆ ಪೂರ್ತಿ ಅಳಿಸಬೇಕು. 17ನೇ ಪ್ರಶ್ನೆ ಬಿಟ್ಟು 18ರ ಉತ್ತರವನ್ನು 17ರ ಸಾಲಿನಲ್ಲಿ ಹಾಕಿದರೆ ಅಲ್ಲಿಂದ ಮುಂದೆ ಎಲ್ಲವೂ ತಪ್ಪು. ಪ್ರತಿ ಐದು ಪ್ರಶ್ನೆಗೊಮ್ಮೆ ಎರಡೂ ಕಡೆಯ ಸಂಖ್ಯೆ ತಾಳೆ ನೋಡುವುದನ್ನು ಮನೆಯಲ್ಲೇ ರೂಢಿ ಮಾಡಿಸಿ. ತಪ್ಪಿಗೆ ಅಂಕ ಕಳೆಯುವುದಿಲ್ಲ ಎಂದು ನಿಮ್ಮ ಪರೀಕ್ಷೆಯ ಸೂಚನೆಯಲ್ಲಿದ್ದರೆ, ಕೊನೆಯ ನಿಮಿಷದಲ್ಲಿ ಒಂದು ಸಾಲನ್ನೂ ಖಾಲಿ ಬಿಡಬಾರದು.

ಎರಡು ಅರ್ಜಿ

ಅತಿ ದುಬಾರಿ ತಪ್ಪು ನಡೆಯುವುದು ಇಲ್ಲಿ. ಪರೀಕ್ಷೆಗೆ ನೋಂದಣಿ ಒಂದು, ಸೀಟಿಗೆ ಅರ್ಜಿ ಇನ್ನೊಂದು. ನೋಂದಣಿ ಇಯರ್ 5ರ ಏಪ್ರಿಲ್‌ನಿಂದ ಜುಲೈ ನಡುವೆ ನಡೆಯುತ್ತದೆ, ಒಂದೊಂದು ಸ್ಕೂಲಿಗೆ ಒಂದೊಂದು ಕೊನೆಯ ದಿನ. ಬಕಿಂಗ್‌ಹ್ಯಾಮ್‌ಶೈರ್‌ನ ಸರ್ಕಾರಿ ಪ್ರೈಮರಿಗಳಲ್ಲಿ ಓದುವವರ ಹೆಸರು ತಾನಾಗೇ ಸೇರುತ್ತದೆ, ಹೊರಗಿನವರು ತಾವೇ ನೋಂದಾಯಿಸಬೇಕು. ಡಿಸ್ಲೆಕ್ಸಿಯಾ ಮುಂತಾದ ಕಾರಣಕ್ಕೆ ಹೆಚ್ಚಿನ ಸಮಯ, ದೊಡ್ಡ ಅಕ್ಷರ ಬೇಕಿದ್ದರೆ ಸ್ಕೂಲಿನ ದಾಖಲೆ ಜೊತೆಗೆ ಆಗಲೇ ಕೇಳಬೇಕು. ಮನೆಯ ಆದಾಯ ಕಡಿಮೆ ಇದ್ದು ಮಗುವಿಗೆ ಪ್ಯೂಪಿಲ್ ಪ್ರೀಮಿಯಂ (ಅಂಥ ಮಕ್ಕಳಿಗಾಗಿ ಸರ್ಕಾರ ಸ್ಕೂಲಿಗೆ ಕೊಡುವ ಹೆಚ್ಚುವರಿ ಹಣ) ಇದ್ದರೆ ಅದನ್ನೂ ತಿಳಿಸಿ. ಅಂಥವರಿಗೆ ಗೆರೆ ಇಳಿಸುವ ಅಥವಾ ಆದ್ಯತೆ ಕೊಡುವ ಸ್ಕೂಲುಗಳು ಹಲವಿವೆ.

ಫಲಿತಾಂಶ ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದಲ್ಲಿ ಬರುತ್ತದೆ. ಆಮೇಲೆ ಅಕ್ಟೋಬರ್ 31ರೊಳಗೆ ನೀವು ವಾಸವಿರುವ ಕೌನ್ಸಿಲ್‌ಗೆ ಸೆಕೆಂಡರಿ ಸ್ಕೂಲಿನ ಅರ್ಜಿ ಹಾಕಬೇಕು, ಸ್ಕೂಲು ಬೇರೆ ಕೌನ್ಸಿಲ್‌ನಲ್ಲಿದ್ದರೂ ಸರಿ. ಮಗು ಎಷ್ಟೇ ಅಂಕ ತೆಗೆದಿರಲಿ, ಈ ಅರ್ಜಿಯಲ್ಲಿ ಸ್ಕೂಲಿನ ಹೆಸರಿಲ್ಲದಿದ್ದರೆ ಮಾರ್ಚ್ 1ರಂದು ಆ ಸೀಟು ಬರುವುದಿಲ್ಲ. ಲಂಡನ್‌ನಲ್ಲಿ ಆರು ಸ್ಕೂಲು ಬರೆಯಬಹುದು, ಉಳಿದೆಡೆ ಕನಿಷ್ಠ ಮೂರು. ನೀವು ಯಾವ ಕ್ರಮದಲ್ಲಿ ಬರೆದಿರಿ ಎಂಬುದು ಸ್ಕೂಲಿಗೆ ಕಾಣುವುದಿಲ್ಲ. ಆದ್ದರಿಂದ ನಿಜವಾಗಿ ಬೇಕಾದದ್ದನ್ನೇ ಮೊದಲು ಬರೆಯಿರಿ, ಮತ್ತು ದೂರದ ಲೆಕ್ಕದಲ್ಲಿ ಸಿಗುವ ಸಾಧ್ಯತೆ ಹೆಚ್ಚಿರುವ ಒಂದು ಸಾಮಾನ್ಯ ಸ್ಕೂಲನ್ನು ಕೊನೆಯಲ್ಲಿ ಸೇರಿಸಿ. ಅದಿಲ್ಲದಿದ್ದರೆ ಯಾರೂ ಕೇಳದೆ ಉಳಿದ ಸ್ಕೂಲು ನಿಮ್ಮ ಪಾಲಿಗೆ ಬರುತ್ತದೆ. ವಿಳಾಸಕ್ಕೆ ಕೌನ್ಸಿಲ್ ಟ್ಯಾಕ್ಸ್ ಬಿಲ್ ಕೇಳುತ್ತಾರೆ. ಅರ್ಜಿಗೋಸ್ಕರ ಬಾಡಿಗೆಗೆ ಹಿಡಿದ ಎರಡನೇ ಮನೆ ಬಯಲಾದರೆ ಕೊಟ್ಟ ಸೀಟನ್ನೂ ಕಿತ್ತುಕೊಳ್ಳಬಹುದು.

ಗೆರೆಗೆ ಒಂದೆರಡು ಅಂಕ ಕಡಿಮೆಯಾದರೆ, ನಿಮ್ಮ ಭಾಗದಲ್ಲಿ ಮರುಪರಿಶೀಲನೆಯ ವ್ಯವಸ್ಥೆ ಇದೆಯೇ ಎಂದು ಮೊದಲು ನೋಡಿ. ಸೀಟು ನಿರಾಕರಿಸಿದ ಪತ್ರ ಬಂದಮೇಲೆ ಸ್ವತಂತ್ರ ಸಮಿತಿಗೆ ಅಪೀಲು ಹಾಕಲು ಕನಿಷ್ಠ 20 ಶಾಲಾ ದಿನಗಳ ಅವಕಾಶವಿದೆ. ಅಲ್ಲಿ ನಡೆಯುವುದು ಇಯರ್ 5ರ ಸ್ಕೂಲ್ ರಿಪೋರ್ಟು, ಹೆಡ್‌ಟೀಚರ್ ಪತ್ರ, ಪರೀಕ್ಷೆಯ ದಿನ ಮಗುವಿಗೆ ಜ್ವರವಿದ್ದರೆ ಡಾಕ್ಟರ ಚೀಟಿ. ಪಿಯಾನೋ ಗ್ರೇಡು, ಚೆಸ್ ಕಪ್ಪುಗಳಿಂದ ಏನೂ ಗಿಟ್ಟುವುದಿಲ್ಲ.

ಮಾರ್ಚ್‌ನಲ್ಲಿ ಬೇರೆ ಸ್ಕೂಲು ಸಿಕ್ಕಿದ್ದರೆ ಅದನ್ನು ಒಪ್ಪಿಕೊಂಡೇ ಗ್ರಾಮರ್ ಸ್ಕೂಲಿನ ವೇಟಿಂಗ್ ಲಿಸ್ಟಿನಲ್ಲಿ ಹೆಸರಿಡಿ. ಒಪ್ಪಿಕೊಂಡದ್ದರಿಂದ ಸಾಲಿನಲ್ಲಿ ನಿಮ್ಮ ಜಾಗ ಹೋಗುವುದಿಲ್ಲ. ಪ್ರೈವೇಟ್ ಸ್ಕೂಲಿಗೆ ಹೊರಟವರು, ಮನೆ ಬದಲಿಸಿದವರು ಬಿಟ್ಟುಕೊಟ್ಟ ಸೀಟುಗಳು ಬೇಸಿಗೆಯುದ್ದಕ್ಕೂ ಕದಲುತ್ತಿರುತ್ತವೆ, ಆ ಪಟ್ಟಿಯನ್ನು ಸ್ಕೂಲು ಇಯರ್ 7ರ ಡಿಸೆಂಬರ್ 31ರವರೆಗಾದರೂ ಇಟ್ಟುಕೊಳ್ಳಲೇಬೇಕು.