ಶಾಲಾ ಸಲಹಾ ಸಮಿತಿ: ಜೂನ್‌ನಿಂದ ಮಾರ್ಚ್‌ವರೆಗಿನ ಕೆಲಸ

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಸಮಿತಿಗಳಿಗೆ ಬರವಿಲ್ಲ. ಪಿಟಿಎ (ಹೆತ್ತವರ-ಶಿಕ್ಷಕರ ಸಂಘ), ಮಾತೃ ಪಿಟಿಎ, ಎಸ್‌ಎಂಸಿ (ಶಾಲಾ ನಿರ್ವಹಣಾ ಸಮಿತಿ), ಹಳೆ ವಿದ್ಯಾರ್ಥಿ ಸಂಘ ಎಲ್ಲವೂ ಉಂಟು. ಹೆಚ್ಚಿನ ಕಡೆ ಅದೇ ಹತ್ತು ಮಂದಿ ಎಲ್ಲದರಲ್ಲೂ ಕೂತಿರುತ್ತಾರೆ. ಮಕ್ಕಳಿಗೆ ಮಾರ್ಗದರ್ಶಿಗಳನ್ನು ಒದಗಿಸುವುದಕ್ಕೆ, ಶಾಲೆಯ ಸುಧಾರಣೆಗೆ ಎಂದು ಹೊಸತೊಂದನ್ನು ಹುಟ್ಟಿಸುವ ಬದಲು ಎಸ್‌ಎಂಸಿಯ ಆಸರೆಯಲ್ಲೇ ಸಲಹಾ ಸಮಿತಿ ಮಾಡಿಕೊಳ್ಳುವುದು ಮೇಲು. ಶಿಕ್ಷಣ ಹಕ್ಕು ಕಾಯ್ದೆ, 2009ರ 21ನೇ ಸೆಕ್ಷನ್ ಪ್ರಕಾರ ಎಸ್‌ಎಂಸಿಯಲ್ಲಿ ಮುಕ್ಕಾಲು ಪಾಲು ಹೆತ್ತವರು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. 2012ರ ತಿದ್ದುಪಡಿಯಿಂದೀಚೆಗೆ ಎಯ್ಡೆಡ್ (ಸರಕಾರದ ಅನುದಾನ ಪಡೆಯುವ ಖಾಸಗಿ) ಶಾಲೆಗಳಲ್ಲಿ ಅದಕ್ಕಿರುವುದು ಸಲಹೆ ಕೊಡುವ ಅಧಿಕಾರ ಮಾತ್ರ. ಅಂದಮೇಲೆ ನಿಮ್ಮ ಬಲವೆಲ್ಲ ಮಿನಿಟ್ಸ್ ಪುಸ್ತಕದಲ್ಲಿದೆ.

ಸಲಹಾ ಸಮಿತಿಗೆ ಹನ್ನೊಂದು ಜನ ಸಾಕು: ಹೆತ್ತವರು ಐದು, ಶಿಕ್ಷಕರು ಎರಡು, ಹಳೆ ವಿದ್ಯಾರ್ಥಿಗಳು ಎರಡು, ವಾರ್ಡ್ ಮೆಂಬರ್, ಮುಖ್ಯೋಪಾಧ್ಯಾಯರು. ಹಳೆ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಈಚಿನ ನಾಲ್ಕೈದು ವರ್ಷಗಳಲ್ಲಿ ಹತ್ತನೇ ಮುಗಿಸಿದವರಿರಲಿ. ವೇದಿಕೆಗೆ ಶೋಭೆ ತರುವ ಹಿರಿಯರನ್ನು ಶಾಲಾ ವಾರ್ಷಿಕೋತ್ಸವಕ್ಕೆ ಕರೆದರಾಯಿತು. ಸಭೆಯನ್ನು ಕೆಲಸದ ದಿನ ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಕೂಲಿಗೆ ಹೋಗುವ, ಬೀಡಿ ಕಟ್ಟುವ ತಾಯಂದಿರು ಬರುವುದಿಲ್ಲ. ಮತ್ತೆ ‘ಹೆತ್ತವರಿಗೆ ಆಸಕ್ತಿಯೇ ಇಲ್ಲ’ ಎಂದು ಬರೆಯುವುದು ಅನ್ಯಾಯ. ಆದಿತ್ಯವಾರ ಮಧ್ಯಾಹ್ನ ಮೂರಕ್ಕೆ ಇಟ್ಟು, ಊರಿನ ಕೊನೇ ಬಸ್ಸಿಗಿಂತ ಸಾಕಷ್ಟು ಮೊದಲು ಮುಗಿಸಿ. ಇಲಾಖೆಯ ಸುತ್ತೋಲೆ ಮಲಯಾಳದಲ್ಲಿದ್ದರೆ ಅದರ ಸಾರವನ್ನು ಕನ್ನಡದಲ್ಲಿ ಒಂದು ಪುಟ ಬರೆದುಕೊಂಡು ಬರುವ ಕೆಲಸ ಮೊದಲೇ ಒಬ್ಬರಿಗೆ ವಹಿಸಿ.

ಜೂನ್ ಮೊದಲ ವಾರ ಸಭೆ ಕರೆಯಬೇಡಿ. ಆರನೇ ಕೆಲಸದ ದಿನದ ಮಕ್ಕಳ ಲೆಕ್ಕದ ಮೇಲೆ ಡಿವಿಜನ್ (ತರಗತಿಯ ವಿಭಾಗ), ಶಿಕ್ಷಕ ಹುದ್ದೆ ನಿಂತಿರುವುದರಿಂದ ಆವರೆಗೆ ಮಾಷ್ಟ್ರುಗಳಿಗೆ ತಲೆ ತುರಿಸಲೂ ಪುರುಸೊತ್ತಿರುವುದಿಲ್ಲ. ಮೊದಲ ಸಭೆ ಜೂನ್ ಮೂರನೇ ವಾರ; ಆಮೇಲೆ ಓಣಂ ಪರೀಕ್ಷೆ ಮುಗಿದ ಮೇಲೊಂದು, ಕ್ರಿಸ್ಮಸ್ ಪರೀಕ್ಷೆ ಮುಗಿದ ಮೇಲೊಂದು, ಫೆಬ್ರವರಿಯಲ್ಲೊಂದು. ಪ್ರತಿ ಸಭೆ ಒಂದೂವರೆ ಗಂಟೆ.

ಸುಧಾರಣೆಗೆ ವರ್ಷಕ್ಕೆ ಒಂದೇ ವಿಷಯ ಹಿಡಿಯಿರಿ. ಕಂಪೌಂಡ್, ಶೌಚಾಲಯ, ಸ್ಮಾರ್ಟ್ ಕ್ಲಾಸ್, ಇಂಗ್ಲಿಷ್ ಎಲ್ಲವನ್ನೂ ಒಂದೇ ಪಟ್ಟಿಗೆ ತುರುಕಿದರೆ ಯಾವುದೂ ಆಗುವುದಿಲ್ಲ. ಕಿರಿಯ ಪ್ರಾಥಮಿಕ ಶಾಲೆಯಾದರೆ ಓದಿನಿಂದ ತೊಡಗಿ. ನಾಲ್ಕನೇ ತರಗತಿಯ ಪ್ರತಿ ಮಗುವನ್ನು ಪ್ರತ್ಯೇಕ ಕೂರಿಸಿ, ಎರಡನೇ ತರಗತಿಯ ಮಟ್ಟದ, ಆದರೆ ಮಗು ಮೊದಲು ನೋಡಿರದ ಅರವತ್ತು ಪದಗಳ ಒಂದು ಕತೆ ಓದಿಸಿ. ಪಾಠಪುಸ್ತಕದ್ದನ್ನೇ ಕೊಟ್ಟರೆ ಬಾಯಿಪಾಠ ಒಪ್ಪಿಸುತ್ತದೆ. ಮಗುವಿಗೆ ಐದು ನಿಮಿಷ. ಇಪ್ಪತ್ತೈದು ಮಕ್ಕಳಿಗೆ ಇಬ್ಬರು ಶಿಕ್ಷಕರಿದ್ದರೆ ಒಂದು ಬೆಳಗ್ಗೆ ಸಾಕು.

ಓದಿಸಿದ ಮೇಲೆ ‘ಕತೆ ಏನು, ಹೇಳು’ ಎಂದು ಕೇಳುವಾಗ ಮನೆಮಾತಿನಲ್ಲೇ ಹೇಳಲು ಬಿಡಿ. ನಮ್ಮ ತರಗತಿಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ, ಹವ್ಯಕ ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಾರೆ. ಆ ಮಾತು ಬಲ್ಲ ಹೆತ್ತವರೊಬ್ಬರು ಪಕ್ಕದಲ್ಲಿದ್ದರೆ ಆಯಿತು. ಮಗು ತಡವರಿಸಿ ಓದಿ ಕತೆಯನ್ನು ತುಳುವಿನಲ್ಲಿ ಸರಿಯಾಗಿ ಹೇಳಿದರೆ ಅರ್ಥದ ತೊಂದರೆಯಿಲ್ಲ, ಒತ್ತಕ್ಷರದ ಅಭ್ಯಾಸ ಬೇಕು. ಪಟಪಟನೆ ಓದಿ ಯಾವ ಮಾತಿನಲ್ಲೂ ಕತೆ ಹೇಳಲಾಗದಿದ್ದರೆ ಕನ್ನಡ ಪದಗಳೇ ಅದಕ್ಕೆ ಅಪರಿಚಿತ. ಅಂಥ ಮಗುವಿಗೆ ಕಾಪಿ ಬರೆಸುವುದು ದಂಡ. ಅದಕ್ಕೆ ಬೇಕಾದ್ದು ಮಾತು: ಚಿತ್ರ ನೋಡಿ ಹೇಳುವುದು, ಕತೆ ಕೇಳುವುದು. ಅಕ್ಷರವೇ ಗುರುತಿಸದವರು ಮೂರನೇ ಗುಂಪು. ಈ ಮೂರು ಬಗೆಯನ್ನು ‘ಹಿಂದುಳಿದವರು’ ಎಂದು ಒಂದೇ ಗೋಣಿಗೆ ಹಾಕುವುದರಿಂದಲೇ ಎಷ್ಟೋ ವಿಶೇಷ ತರಗತಿಗಳು ಕೈಕೊಡುತ್ತವೆ. ಡಿಸೆಂಬರಿನಲ್ಲಿ ಅಷ್ಟೇ ಕಷ್ಟದ ಬೇರೆ ಕತೆ ಕೊಟ್ಟು ಪುನಃ ಓದಿಸಿ. ಸಭೆಗೆ ಗುಂಪುಗಳ ಲೆಕ್ಕ ಮಾತ್ರ ಬರಲಿ, ಹೆಸರಿನ ಪಟ್ಟಿ ತರಗತಿ ಶಿಕ್ಷಕರ ಬಳಿಯೇ ಇರಲಿ. ವಾಟ್ಸಾಪ್ ಗುಂಪಿಗೆ ಅದು ಹೋದ ದಿನವೇ ಹೆತ್ತವರ ವಿಶ್ವಾಸ ಹೋಯಿತೆಂದು ತಿಳಿಯಿರಿ.

ಮಾರ್ಗದರ್ಶಿಗಳು ಎಲ್ಲ ತರಗತಿಗೂ ಬೇಡ. ಮಕ್ಕಳು ಎಡವುವುದು ಎರಡು ಹೊಸ್ತಿಲಲ್ಲಿ: ಏಳರಿಂದ ಎಂಟಕ್ಕೆ ಹೈಸ್ಕೂಲಿಗೆ ಹೋಗುವಾಗ, ಹತ್ತರಿಂದ ಪ್ಲಸ್ ವನ್‌ಗೆ (ಹನ್ನೊಂದನೇ ತರಗತಿಗೆ) ಹೋಗುವಾಗ. ಎಂಟನೆಯವರಿಗೆ ಒಂಬತ್ತು, ಹತ್ತನೆಯ ಅಕ್ಕ-ಅಣ್ಣಂದಿರೇ ಸಾಕು. ಹತ್ತನೆಯವರಿಗೆ ಹಳೆ ವಿದ್ಯಾರ್ಥಿಗಳು. ಒಬ್ಬರಿಗೆ ಮೂವರಿಗಿಂತ ಹೆಚ್ಚು ಮಕ್ಕಳು ಬೇಡ. ವಾರಕ್ಕೊಮ್ಮೆ ನಲವತ್ತು ನಿಮಿಷ, ಶಾಲೆಯೊಳಗೇ. ಮಳೆಯ ರಜೆ, ಕಲೋತ್ಸವದ ತಯಾರಿ, ಪರೀಕ್ಷೆ ಕಳೆದರೆ ವರ್ಷಕ್ಕೆ ಹದಿನೆಂಟು ಭೇಟಿ ಆದರೂ ದೊಡ್ಡದು; ಮೂವತ್ತು ಎಂದು ಬರೆದು ನಾಚಿಕೆಪಡಬೇಡಿ. ಹತ್ತನೆಯವರ ಭೇಟಿಗಳನ್ನು ಕ್ರಿಸ್ಮಸ್ ಒಳಗೆ ಮುಗಿಸಿ, ಜನವರಿಯ ಮೇಲೆ ಅವರಿಗೆ ಉಸಿರಾಡಲೂ ಬಿಡುವಿಲ್ಲ.

ಬೇಗ ಕೆಡುವುದು ಇದು: ಭೇಟಿ ಟ್ಯೂಷನ್ ಆಗಿಬಿಡುತ್ತದೆ. ಹಾಗಾಗದಂತೆ ಹತ್ತು ನಿಮಿಷ ವಾರದ ಸುದ್ದಿ, ಇಪ್ಪತ್ತು ನಿಮಿಷ ಮಗು ತಾನೇ ತಂದ ಒಂದು ತೊಡಕು, ಹತ್ತು ನಿಮಿಷ ಮುಂದಿನ ವಾರಕ್ಕೆ ಒಂದೇ ಕೆಲಸ ಎಂದು ಸಮಯ ಹಂಚಿಕೊಡಿ. ಕನ್ನಡದಲ್ಲಿ ವಿಜ್ಞಾನ ಕಲಿತ ಮಗುವಿಗೆ ಪ್ಲಸ್ ವನ್‌ನಲ್ಲಿ ಪಾಠ ಇಂಗ್ಲಿಷಿನಲ್ಲಿ. ವೇಗೋತ್ಕರ್ಷ ಗೊತ್ತಿರುವವನಿಗೆ ಆಕ್ಸಿಲರೇಷನ್ ಎಂದಾಗ ಗಾಬರಿ. ವಾರಕ್ಕೆ ಹತ್ತು ಪದದಂತೆ, ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ಕೆಳಗೆ ಮಗುವೇ ಮಾಡಿದ ವಾಕ್ಯ ಬರೆದ ನೋಟುಪುಸ್ತಕ ವರ್ಷದ ಕೊನೆಗೆ ನೂರೈವತ್ತಕ್ಕೂ ಹೆಚ್ಚು ಪದಗಳ ನಿಘಂಟಾಗುತ್ತದೆ. ಪ್ಲಸ್ ವನ್ ಸೇರಲು ಹಲವು ಶಾಲೆಗಳಿಗೆ ಒಟ್ಟಿಗೆ ಹಾಕುವ ಏಕಜಾಲಕದ ಅರ್ಜಿಯ ಅಭ್ಯಾಸವನ್ನೂ ಒಂದು ಭೇಟಿಯಲ್ಲಿ ಮಾಡಿಸಿ: ಶಾಲೆ ಮತ್ತು ವಿಷಯದ ಆಯ್ಕೆಗಳ ಕ್ರಮ, ಟ್ರಯಲ್ ಎಲಾಟ್‌ಮೆಂಟ್ (ಪ್ರಾಯೋಗಿಕ ಸೀಟು ಹಂಚಿಕೆ) ಬಂದ ಮೇಲೆ ತಿದ್ದಲು ಸಿಗುವ ಅವಕಾಶ. ತಲಪಾಡಿ ದಾಟಿ ಮಂಗಳೂರಿನಲ್ಲಿ ಪಿಯುಸಿ ಮಾಡಲಿರುವವರು ಬಸ್ಸು, ಹಾಸ್ಟೆಲ್, ಫೀಸು ಮೂರನ್ನೂ ಕಾಗದದಲ್ಲಿ ಬರೆದು ಮನೆಯವರಿಗೆ ತೋರಿಸಲಿ.

ಭೇಟಿ ಬಾಗಿಲು ತೆರೆದ ಕೋಣೆಯಲ್ಲಿ, ಒಬ್ಬ ಶಿಕ್ಷಕರ ಕಣ್ಣಳತೆಯಲ್ಲಿ ನಡೆಯಲಿ. ಖಾಸಗಿ ಫೋನ್ ಕರೆ, ಬೈಕಿನಲ್ಲಿ ಮನೆಗೆ ಬಿಡುವುದು ಬೇಡ. ಮಗು ದೌರ್ಜನ್ಯದ ಮಾತು ಎತ್ತಿದರೆ ಸಮಿತಿ ಪಂಚಾಯತಿಕೆಗೆ ಕೂರುವಂತಿಲ್ಲ. ಲೈಂಗಿಕ ದೌರ್ಜನ್ಯವಾದರೆ, ಮಕ್ಕಳನ್ನು ಅದರಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಎಂದು ಗೋಡೆಯಲ್ಲಿ ಬರೆಸಿ.

ಇನ್ನು ಮಿನಿಟ್ಸ್. ಒಂದು ಶಿಫಾರಸಿನಲ್ಲಿ ನಾಲ್ಕು ಸಂಗತಿ ಇರಬೇಕು: ಏನು, ಯಾರು, ಯಾವ ತಾರೀಕಿನೊಳಗೆ, ಎಷ್ಟು ಖರ್ಚು. ‘ಯಾರು’ ಎಂಬಲ್ಲಿ ಅಧಿಕಾರ ಇರುವವರ ಹುದ್ದೆ ಬರೆಯಿರಿ. ಎಯ್ಡೆಡ್ ಶಾಲೆಯಲ್ಲಿ ಶಿಕ್ಷಕರನ್ನು ನೇಮಿಸುವವರು ಮೆನೇಜರು, ಸರಕಾರಿ ಶಾಲೆಗೆ ಬರುವುದು ಪಿಎಸ್‌ಸಿ (ಲೋಕಸೇವಾ ಆಯೋಗ) ಮೂಲಕ. ಹೆಡ್‌ಮಾಷ್ಟ್ರಲ್ಲಿ ಜಗಳಾಡಿ ಫಲವಿಲ್ಲ. ಸರಕಾರಿ ಪ್ರಾಥಮಿಕ ಶಾಲೆಯ ಕಟ್ಟಡದ ಮಾತಿದ್ದರೆ ಗ್ರಾಮ ಪಂಚಾಯತ್, ಹೈಸ್ಕೂಲಿನದ್ದಾದರೆ ಜಿಲ್ಲಾ ಪಂಚಾಯತ್. ಕನ್ನಡ ಬಾರದ ಶಿಕ್ಷಕರು ಕನ್ನಡ ತರಗತಿಗೆ ಬಂದಾಗ ಆಕ್ರೋಶದ ಠರಾವಿಗಿಂತ ಲೆಕ್ಕ ಹೆಚ್ಚು ಕೆಲಸಕ್ಕೆ ಬರುತ್ತದೆ: ಯಾವ ತರಗತಿ, ಯಾವ ವಿಷಯ, ಎಂದಿನಿಂದ, ವಾರಕ್ಕೆ ಎಷ್ಟು ಪೀರಿಯಡ್. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿಯನ್ನೂ ನಮೂದಿಸಿ, ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಕಚೇರಿಗೆ ಕೊಟ್ಟ ಪ್ರತಿಗೆ ಸೀಲು ಹಾಕಿಸಿಕೊಳ್ಳಿ.

ಮುಂದಿನ ಸಭೆಯ ಮೊದಲ ಹದಿನೈದು ನಿಮಿಷ ಹಳೇ ಶಿಫಾರಸುಗಳಿಗೇ ಮೀಸಲು. ಆಯಿತು, ಆಗಲಿಲ್ಲ, ಯಾಕೆ ಎಂದು ಪ್ರತಿಯೊಂದರ ಎದುರು ಬರೆದ ಮೇಲೆ ಚಾ ಬರಲಿ.