ಹೆಣಿಗೆ ಪ್ಯಾಟರ್ನ್ ತಲೆ ತಿನ್ನುತ್ತಿದೆಯೇ? ಪೆನ್ಸಿಲ್ ಹಿಡಿದು ಕೂರಿ

ಹೆಣಿಗೆ ಬಾರದೆ ಸ್ವೆಟರ್ ಕೆಡಿಸಿದವರಿಗಿಂತ ಪ್ಯಾಟರ್ನ್ (ಹೆಣೆಯುವ ಕ್ರಮ ಬರೆದ ಹಾಳೆ) ಓದಲು ಬಾರದೆ ಕೆಡಿಸಿದವರನ್ನೇ ನಾನು ಜಾಸ್ತಿ ನೋಡಿದ್ದೇನೆ. ನಿಟ್ (ಸೀದಾ ಕುಣಿಕೆ) ಗೊತ್ತು, ಪರ್ಲ್ (ಉಲ್ಟಾ ಕುಣಿಕೆ) ಗೊತ್ತು, ಕೈ ಚುರುಕಾಗಿಯೇ ಓಡುತ್ತದೆ. ಹಾಳೆಯಲ್ಲಿ 'ಅಟ್ ದ ಸೇಮ್ ಟೈಮ್', ಅಂದರೆ ಅದೇ ಹೊತ್ತಿಗೆ ಇದನ್ನೂ ಮಾಡಿ, ಅಂತ ಬಂದ ಕೂಡಲೇ ಕಡ್ಡಿ ನಿಲ್ಲುತ್ತದೆ. ಕೆಲವರದ್ದು ನಿಲ್ಲುವುದೂ ಇಲ್ಲ, ಆ ಮಾತನ್ನು ಹಾರಿಸಿ ಮುಂದೆ ಹೋಗಿಬಿಡುತ್ತಾರೆ. ಭುಜದ ಹತ್ತಿರ ಬಂದಾಗ ಲೆಕ್ಕ ಎಲ್ಲೋ ಹೋಗಿರುತ್ತದೆ. ಬಿಚ್ಚದೆ ಬೇರೆ ದಾರಿ ಇರುವುದಿಲ್ಲ.

ಪ್ಯಾಟರ್ನ್‌ನ ಪ್ರತಿ ಸಾಲೂ ಒಂದು ಕೂಡು-ಕಳೆ ಲೆಕ್ಕ. ಇಷ್ಟು ಕುಣಿಕೆ ಇತ್ತು, ಇಷ್ಟು ಮಾಡಿದೆ, ಇಷ್ಟು ಉಳಿಯಿತು. ಹಾಗೆ ಓದಿದರೆ ಮುಕ್ಕಾಲು ಗೊಂದಲ ಅಲ್ಲೇ ಕರಗುತ್ತದೆ. ಆದ್ದರಿಂದ ಮೊದಲು ಪೆನ್ಸಿಲ್, ರಬ್ಬರ್, ಒಂದು ಚೌಕುಳಿ ಹಾಳೆ. ಉಲ್ಲನ್ ಆಮೇಲೆ.

ಹಂತ 1: ನಿಮ್ಮ ಅಳತೆಗೆ ಸುತ್ತು ಹಾಕಿ

'ಕ್ಯಾಸ್ಟ್ ಆನ್ 82 (90, 98, 106)', ಅಂದರೆ ಶುರುವಿಗೆ ಕಡ್ಡಿಗೆ ಇಷ್ಟು ಕುಣಿಕೆ ಹಾಕಿ, ಎಂದಿದ್ದರೆ ಬ್ರ್ಯಾಕೆಟ್ಟಿನ ಹೊರಗಿನದು ಎಲ್ಲಕ್ಕಿಂತ ಚಿಕ್ಕ ಅಳತೆ, ಒಳಗಿನವು ಕ್ರಮವಾಗಿ ದೊಡ್ಡವು. ನಿಮ್ಮದು ಮೂರನೆಯದಾದರೆ ಇಡೀ ಪ್ಯಾಟರ್ನ್‌ನಲ್ಲಿ ಮೂರನೆಯ ಅಂಕಿಗೇ ಸುತ್ತು ಹಾಕುತ್ತಾ ಹೋಗಿ. ನಿಮ್ಮ ಜಾಗದಲ್ಲಿ ಅಂಕಿಯ ಬದಲು ಸಣ್ಣ ಗೆರೆ ಅಥವಾ ಸೊನ್ನೆ ಇದ್ದರೆ ಆ ಕೆಲಸ ನಿಮ್ಮ ಅಳತೆಗೆ ಇಲ್ಲ ಎಂದರ್ಥ. ಈ ಹಂತ ಇಷ್ಟೇ.

ಹಂತ 2: ಸಂಕ್ಷೇಪಗಳ ಪಟ್ಟಿ ಪಕ್ಕದಲ್ಲೇ ಇರಲಿ

'ಕೆ' ಎಂದರೆ ನಿಟ್, 'ಪಿ' ಎಂದರೆ ಪರ್ಲ್. 'ಎಸ್‌ಟಿ' ಒಂದು ಕುಣಿಕೆ. 'ಆರ್‌ಎಸ್' ಬಟ್ಟೆಯ ಹೊರಮೈ, 'ಡಬ್ಲ್ಯೂಎಸ್' ಒಳಮೈ. 'ವೈಒ' ಎಂದರೆ ಕಡ್ಡಿಗೆ ನೂಲು ಸುತ್ತಿ ಹೊಸ ಕುಣಿಕೆ ಮಾಡುವುದು, ಅಲ್ಲೊಂದು ತೂತು ಬೀಳುತ್ತದೆ. 'ಕೆ2ಟಾಗ್' ಎಂದರೆ ಎರಡನ್ನು ಸೇರಿಸಿ ಒಂದೇ ನಿಟ್. ಇದು ಬಲಕ್ಕೆ ವಾಲುತ್ತದೆ. 'ಎಸ್‌ಎಸ್‌ಕೆ' ಕೂಡ ಎರಡನ್ನು ಒಂದು ಮಾಡುತ್ತದೆ, ಆದರೆ ಎಡಕ್ಕೆ ವಾಲುತ್ತದೆ. ಎರಡರಲ್ಲೂ ಕಡಿಮೆಯಾಗುವುದು ಒಂದೇ ತಾನೇ ಅಂತ ಒಂದರ ಜಾಗದಲ್ಲಿ ಇನ್ನೊಂದು ಹಾಕಬೇಡಿ. ವಿ ಕತ್ತಿನ ಎರಡೂ ಅಂಚು ಒಂದೇ ಕಡೆ ವಾಲಿದರೆ ದೂರದಿಂದಲೇ ಕಾಣುತ್ತದೆ.

'ಸ್ಲಿಪ್' ಎಂದಷ್ಟೇ ಬರೆದು ಹೇಗೆ ಎಂದು ಹೇಳದಿದ್ದರೆ, ಪರ್ಲ್ ಮಾಡುವಂತೆ ಕಡ್ಡಿ ತೂರಿಸಿ ಕುಣಿಕೆಯನ್ನು ಹಾಗೇ ದಾಟಿಸಿ. ಎಸ್‌ಎಸ್‌ಕೆಯಲ್ಲಿ ಮತ್ತು ಅದರಂಥ ಇಳಿಕೆಗಳಲ್ಲಿ ಮಾತ್ರ ನಿಟ್ ಮಾಡುವಂತೆ ತೂರಿಸಬೇಕು. ಎಸ್‌ಎಸ್‌ಕೆಯಲ್ಲಿ ಒಂದೊಂದಾಗಿ. ಎರಡನ್ನೂ ಒಟ್ಟಿಗೆ ಎತ್ತಿ ದಾಟಿಸಿದರೆ ಇಳಿಕೆ ಎಡಕ್ಕೆ ಸರಿಯಾಗಿ ವಾಲುವುದಿಲ್ಲ.

ಸಂಕ್ಷೇಪಗಳ ಪಟ್ಟಿಯೇ ಇಲ್ಲದ ಪ್ಯಾಟರ್ನ್ ಬಂದರೆ ಸುಮ್ನೆ ಬದಿಗಿಡಿ. ಅಷ್ಟೂ ಕೊಡದವರು ಬೇರೆ ಏನನ್ನು ಸರಿಯಾಗಿ ಕೊಟ್ಟಾರು? ಯಂತ್ರದಿಂದ ಅನುವಾದವಾದ ಪ್ಯಾಟರ್ನ್‌ಗಳೂ ಬೇಡ. ಚಿತ್ರದಲ್ಲಿರುವ ಸ್ವೆಟರ್ ವಿಪರೀತ ನುಣುಪಾಗಿದ್ದು, ಹತ್ತಿರದಿಂದ ನೋಡಿದರೆ ಒಂದು ಕುಣಿಕೆಯೂ ಸ್ಪಷ್ಟವಾಗಿ ಕಾಣದಿದ್ದರೆ ಅದು ಯಾರೂ ಹೆಣೆಯದ, ಎಐ ಬಿಡಿಸಿದ ಸ್ವೆಟರ್ ಇರಬಹುದು.

ಹಂತ 3: ಕಡ್ಡಿಯ ನಂಬರ್ ನಂಬಬೇಡಿ, ಮಿಲಿಮೀಟರ್ ನೋಡಿ

ಅಮೆರಿಕದ 8ನೇ ನಂಬರ್ ಕಡ್ಡಿ 5 ಮಿ.ಮೀ. ಹಳೆಯ ಬ್ರಿಟಿಷ್ ಪ್ಯಾಟರ್ನ್‌ಗಳ 8ನೇ ನಂಬರ್ 4 ಮಿ.ಮೀ. ನಂಬರ್ ಒಂದೇ, ಬಟ್ಟೆ ಬೇರೆಯೇ. ಅಮೆರಿಕದಲ್ಲಿ ನಂಬರ್ ಏರಿದಂತೆ ಕಡ್ಡಿ ದಪ್ಪವಾಗುತ್ತದೆ, ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ತೆಳ್ಳಗಾಗುತ್ತದೆ. ಪ್ಯಾಟರ್ನ್ ಯಾವ ಕಡೆಯದು ಎಂದು ತಿಳಿಯಲು 'ಬೈಂಡ್ ಆಫ್', 'ಗೇಜ್' ಎಂದಿದೆಯೋ, 'ಕ್ಯಾಸ್ಟ್ ಆಫ್', 'ಟೆನ್ಷನ್' ಎಂದಿದೆಯೋ ನೋಡಿ. ಮೊದಲಿನವು ಸಾಮಾನ್ಯವಾಗಿ ಅಮೆರಿಕದ್ದು, ನಂತರದವು ಬ್ರಿಟನ್ನಿನದು. ಬೈಂಡ್ ಆಫ್, ಕ್ಯಾಸ್ಟ್ ಆಫ್ ಎರಡೂ ಕುಣಿಕೆ ಮುಚ್ಚುವುದೇ; ಗೇಜ್, ಟೆನ್ಷನ್ ಎರಡೂ ಇಷ್ಟು ಸೆಂ.ಮೀ.ಗೆ ಇಷ್ಟು ಕುಣಿಕೆ ಎಂಬ ಲೆಕ್ಕವೇ.

ಈ ಗೇಜ್ ಅಳೆಯಲು ಮಾದರಿ ತುಂಡು ಹೆಣೆಯಲೇಬೇಕಾ ಎಂದು ಎಲ್ಲರೂ ಕೇಳುತ್ತಾರೆ. ಹೆಣೆಯಲೇಬೇಕು. ಪ್ಯಾಟರ್ನ್ 10 ಸೆಂ.ಮೀ.ಗೆ 22 ಕುಣಿಕೆ ಎನ್ನುತ್ತದೆ, ನಿಮ್ಮದು 24 ಬಂತು ಎಂದಿಟ್ಟುಕೊಳ್ಳಿ. 110 ಕುಣಿಕೆಯ ಬೆನ್ನು 50 ಸೆಂ.ಮೀ. ಆಗಬೇಕಿತ್ತು, ಸುಮಾರು 46 ಆಗುತ್ತದೆ. ಹಿಂದೆ-ಮುಂದೆ ಸೇರಿ 8 ಸೆಂ.ಮೀ. ಬಿಗಿ. 15 ಸೆಂ.ಮೀ. ಅಗಲದ ತುಂಡು ಹೆಣೆದು, ಒಗೆದು, ಒಣಗಿಸಿ, ಅಂಚು ಬಿಟ್ಟು ನಡುವಿನ 10 ಸೆಂ.ಮೀ. ಅಳೆಯಿರಿ.

ಹಂತ 4: ನಕ್ಷತ್ರ ಚಿಹ್ನೆಯನ್ನು ಬಿಡಿಸಿ ಬರೆಯಿರಿ

ಈ ಸಾಲು ನೋಡಿ: 'ಕೆ1, *ಕೆ2ಟಾಗ್, ವೈಒ, ಕೆ2, ಕೊನೆಯ 2 ಕುಣಿಕೆ ಉಳಿಯುವವರೆಗೆ *ನಿಂದ ರಿಪೀಟ್, ಕೆ2'. ಪ್ರತಿ ಕೆಲಸ ಎಡಗಡ್ಡಿಯಿಂದ ಎಷ್ಟು ಕುಣಿಕೆ ತಿನ್ನುತ್ತದೆ, ಬಲಗಡ್ಡಿಗೆ ಎಷ್ಟು ಕೊಡುತ್ತದೆ ಎಂದು ಬರೆದುಕೊಳ್ಳಿ. ಕೆ2ಟಾಗ್ ಎರಡು ತಿಂದು ಒಂದು ಕೊಡುತ್ತದೆ. ವೈಒ ಏನೂ ತಿನ್ನದೆ ಒಂದು ಕೊಡುತ್ತದೆ. ಕೆ2 ಎರಡು ತಿಂದು ಎರಡು ಕೊಡುತ್ತದೆ. ಅಲ್ಲಿಗೆ ನಕ್ಷತ್ರದ ಒಳಗಿನ ಭಾಗ ನಾಲ್ಕು ತಿಂದು ನಾಲ್ಕು ಕೊಟ್ಟಿತು. ಶುರುವಿಗೆ 1, ಕೊನೆಗೆ 2. ನಿಮ್ಮ ಕಡ್ಡಿಯಲ್ಲಿ 43 ಇದ್ದರೆ, 3 ಕಳೆದು ಉಳಿದ 40 ನಾಲ್ಕರಿಂದ ಸರಿಯಾಗಿ ಭಾಗವಾಗುತ್ತದೆ, ಹತ್ತು ಸಲ. 42 ಇದ್ದರೆ ಎಲ್ಲೋ ಒಂದು ಕುಣಿಕೆ ಆಗಲೇ ಬಿದ್ದುಹೋಗಿದೆ. ಹೆಣೆಯುವ ಮೊದಲೇ ಅದು ಗೊತ್ತಾಯಿತು, ಅಲ್ವಾ?

ಇನ್ನೊಂದು ಕಳ್ಳಮಾತು ಇದೆ. '*ನಿಂದ 3 ಸಲ ರಿಪೀಟ್' ಎಂದರೆ ಒಮ್ಮೆ ಮಾಡಿದ ಮೇಲೆ ಇನ್ನೂ ಮೂರು ಸಲ, ಒಟ್ಟು ನಾಲ್ಕು. 'ಬ್ರ್ಯಾಕೆಟ್ ಒಳಗಿನದು 3 ಸಲ' ಎಂದರೆ ಒಟ್ಟು ಮೂರೇ.

ಹಂತ 5: 'ಪ್ರತಿ 6ನೇ ಸಾಲು'

'ಪ್ರತಿ 6ನೇ ಸಾಲಿನ ಎರಡೂ ತುದಿಯಲ್ಲಿ 1 ಕುಣಿಕೆ ಇಳಿಸಿ, 8 ಸಲ' ಎಂದರೆ ಐದು ಸಾಲು ಸುಮ್ಮನೆ, ಆರನೆಯದರಲ್ಲಿ ಇಳಿಕೆ. ಒಟ್ಟು 48 ಸಾಲು, 16 ಕುಣಿಕೆ ಕಡಿಮೆ. 90 ಇದ್ದದ್ದು 74 ಆಗುತ್ತದೆ. ಆದರೆ 'ಮುಂದಿನ ಸಾಲಿನಲ್ಲಿ, ನಂತರ ಪ್ರತಿ 6ನೇ ಸಾಲಿನಲ್ಲಿ 8 ಸಲ' ಎಂದರೆ ಒಂಬತ್ತು ಇಳಿಕೆ, 49 ಸಾಲು. ಉಳಿಯುವುದು 72. ಬರೆದವರು ಯಾವುದನ್ನು ಹೇಳಿದ್ದಾರೆ ಎಂದು ಜಗಳವಾಡುವ ಬದಲು ಆ ವಾಕ್ಯದ ಕೊನೆಯಲ್ಲಿ ಕೊಟ್ಟ ಅಂಕಿ ನೋಡಿ. 74 ಇದೆಯೋ, 72 ಇದೆಯೋ? ತೀರ್ಪು ಅದೇ.

'ಎಂಡಿಂಗ್ ವಿತ್ ಎ ಡಬ್ಲ್ಯೂಎಸ್ ರೋ' ಎಂದರೆ ಒಳಮೈ ಸಾಲನ್ನು ಪೂರ್ತಿ ಮುಗಿಸಿ ನಿಲ್ಲಿ ಎಂದು. ಅದರ ಮೊದಲೇ ನಿಲ್ಲುವವರು ಬಹಳ. ಉದ್ದ ಅಳೆಯುವಾಗ ಬಟ್ಟೆಯನ್ನು ಮೇಜಿನ ಮೇಲೆ ಎಳೆಯದೆ ಹಾಸಿ. ಕಡ್ಡಿಯಿಂದ ನೇತಾಡಿಸಿ ಅಳೆದರೆ ಉಲ್ಲನ್ ಜಗ್ಗಿ ಸುಳ್ಳು ಹೇಳುತ್ತದೆ.

ಹಂತ 6: 'ಅಟ್ ದ ಸೇಮ್ ಟೈಮ್', ಇಲ್ಲಿ ಅವಸರ ಬೇಡ

ಕಾರ್ಡಿಗನ್ನಿನ ಎಡ ಮುಂಭಾಗ ಹೆಣೆಯುತ್ತಿದ್ದೀರಿ. ಎಡ ಎಂದರೆ ತೊಟ್ಟವರ ಎಡ, ನೋಡುವವರದ್ದಲ್ಲ. ಕಡ್ಡಿಯಲ್ಲಿ 50 ಕುಣಿಕೆ. ಪ್ಯಾಟರ್ನ್ ಹೀಗೆ ಹೇಳುತ್ತದೆ: 'ಮುಂದಿನ ಹೊರಮೈ ಸಾಲಿನ ಶುರುವಿನಲ್ಲಿ ಕಂಕುಳಿಗೆ 4 ಮುಚ್ಚಿ. ನಂತರದ ಪ್ರತಿ ಹೊರಮೈ ಸಾಲಿನಲ್ಲಿ ಕಂಕುಳಿನ ಕಡೆ 1 ಇಳಿಸಿ, 6 ಸಲ. ಅಟ್ ದ ಸೇಮ್ ಟೈಮ್, ಕಂಕುಳಿನ ಮೊದಲ ಸಾಲಿನಿಂದಲೇ ಪ್ರತಿ 4ನೇ ಸಾಲಿಗೊಮ್ಮೆ ಕತ್ತಿನ ಕಡೆ 1 ಇಳಿಸಿ, ಒಟ್ಟು 12 ಸಲ. 28 ಕುಣಿಕೆ.'

ಜನ ಮಾಡುವುದೇನು? ಓದಿದ ಕ್ರಮದಲ್ಲೇ ಹೆಣೆಯುತ್ತಾರೆ. ಕಂಕುಳು ಮುಗಿಸುತ್ತಾರೆ, ಆಮೇಲೆ ಕತ್ತಿಗೆ ಕೈ ಹಾಕುತ್ತಾರೆ. ಅಷ್ಟರಲ್ಲಿ 13 ಸಾಲು ಮೇಲೆ ಬಂದಾಗಿದೆ. ಭುಜ ಸಿಗುವ ಹೊತ್ತಿಗೆ ಕುಣಿಕೆ ಜಾಸ್ತಿ ಉಳಿದಿರುತ್ತದೆ, ಇಲ್ಲವೇ ಅದನ್ನು ಸರಿಮಾಡಲು ಇನ್ನಷ್ಟು ಸಾಲು ಹೆಣೆದು ಈ ಭಾಗ ಬೆನ್ನಿಗಿಂತ ಉದ್ದವಾಗಿರುತ್ತದೆ.

ಮೊದಲು ಒಟ್ಟು ಲೆಕ್ಕ ಹಾಕಿ. 50ರಲ್ಲಿ 4 ಹೋಯಿತು, 6 ಹೋಯಿತು, 12 ಹೋಯಿತು. ಉಳಿದದ್ದು 28. ಪ್ಯಾಟರ್ನ್ ಹೇಳಿದ್ದೂ ಅದೇ, ಅಂದರೆ ನೀವು ಅರ್ಥ ಮಾಡಿಕೊಂಡದ್ದು ಸರಿ. ಈಗ ಚೌಕುಳಿ ಹಾಳೆಯಲ್ಲಿ ನಾಲ್ಕು ಕಂಬ ಎಳೆಯಿರಿ: ಸಾಲು, ಕಂಕುಳು, ಕತ್ತು, ಉಳಿದದ್ದು. ಹೊರಮೈ ಸಾಲುಗಳನ್ನಷ್ಟೇ ಬರೆದರೆ ಸಾಕು, ಒಳಮೈ ಸಾಲುಗಳಲ್ಲಿ ಏನೂ ಬದಲಾಗುವುದಿಲ್ಲ.

ಸಾಲು 1: ಕಂಕುಳು 4, ಕತ್ತು 1, ಉಳಿದದ್ದು 45
ಸಾಲು 3: ಕಂಕುಳು 1, ಉಳಿದದ್ದು 44
ಸಾಲು 5: ಕಂಕುಳು 1, ಕತ್ತು 1, ಉಳಿದದ್ದು 42
ಸಾಲು 7: ಕಂಕುಳು 1, ಉಳಿದದ್ದು 41
ಸಾಲು 9: ಕಂಕುಳು 1, ಕತ್ತು 1, ಉಳಿದದ್ದು 39
ಸಾಲು 11: ಕಂಕುಳು 1, ಉಳಿದದ್ದು 38
ಸಾಲು 13: ಕಂಕುಳು 1, ಕತ್ತು 1, ಉಳಿದದ್ದು 36

ಇಲ್ಲಿಗೆ ಕಂಕುಳು ಮುಗಿಯಿತು, ಕತ್ತಿನದು ಇನ್ನೂ ಎಂಟು ಬಾಕಿ. 17, 21, 25 ಹೀಗೆ ನಾಲ್ಕು ನಾಲ್ಕು ಸೇರಿಸುತ್ತಾ 45ನೇ ಸಾಲಿಗೆ ಹೋದರೆ 28. ಎಡ ಮುಂಭಾಗದಲ್ಲಿ ಹೊರಮೈ ನಿಮ್ಮ ಕಡೆ ಇದ್ದಾಗ ಸಾಲು ಶುರುವಾಗುವುದು ಕಂಕುಳಿನಿಂದ, ಮುಗಿಯುವುದು ಕತ್ತಿನಲ್ಲಿ. ಹಾಳೆಯ ಮೇಲ್ಭಾಗದಲ್ಲಿ 'ಶುರು: ಕಂಕುಳು, ಕೊನೆ: ಕತ್ತು' ಎಂದು ದೊಡ್ಡದಾಗಿ ಬರೆದಿಡಿ. ಒಂದೊಂದು ಸಾಲು ಮುಗಿದಂತೆ ಅಡ್ಡಗೆರೆ ಹಾಕಿ.

ಬಲ ಮುಂಭಾಗಕ್ಕೆ ಬಂದಾಗ 'ರಿವರ್ಸ್ ಶೇಪಿಂಗ್ಸ್' ಎಂದು ಎರಡೇ ಪದ ಇರುತ್ತದೆ. ಅದೇ ಪಟ್ಟಿ ಸಾಕು, ಶುರು-ಕೊನೆ ಅದಲುಬದಲು ಮಾಡಿ, ಕೆ2ಟಾಗ್ ಇದ್ದಲ್ಲಿ ಎಸ್‌ಎಸ್‌ಕೆ, ಎಸ್‌ಎಸ್‌ಕೆ ಇದ್ದಲ್ಲಿ ಕೆ2ಟಾಗ್ ಹಾಕಿ. ಕಂಕುಳಿನ 4 ಕುಣಿಕೆ ಮಾತ್ರ ಒಂದು ಸಾಲು ತಡವಾಗಿ, ಒಳಮೈ ಸಾಲಿನ ಶುರುವಿನಲ್ಲಿ ಮುಚ್ಚುತ್ತೀರಿ. ನೂಲು ಆಗಷ್ಟೇ ಆ ತುದಿಯಲ್ಲಿರುತ್ತದೆ.

ಕಡ್ಡಿಗೆ ಸಿಕ್ಕಿಸುವ ಪುಟ್ಟ ಸಾಲು-ಕೌಂಟರ್‌ಗಳ ಬಗ್ಗೆ ಒಂದು ಮಾತು. ಅವು ತಾವಾಗೇ ತಿರುಗಿಬಿಡುತ್ತವೆ. ಫೋನಿನ ಕೌಂಟರ್ ತಿರುಗುವುದಿಲ್ಲ ನಿಜ, ಆದರೆ ಎಷ್ಟನೇ ಸಾಲು ಎಂದಷ್ಟೇ ಹೇಳುತ್ತದೆ, ಆ ಸಾಲಿನಲ್ಲಿ ಏನು ಮಾಡಬೇಕು ಎಂದು ಹೇಳುವುದಿಲ್ಲ. ಪೆನ್ಸಿಲ್ ಪಟ್ಟಿ ಎರಡನ್ನೂ ಹೇಳುತ್ತದೆ.

ಉಳಿದ ಚಿಲ್ಲರೆ ತೊಡಕುಗಳು

'ಸಮನಾಗಿ 12 ಕುಣಿಕೆ ಹೆಚ್ಚಿಸಿ' ಎಂದಿದ್ದು ಕಡ್ಡಿಯಲ್ಲಿ 80 ಇದ್ದರೆ, 80ನ್ನು 12ರಿಂದ ಭಾಗಿಸಿ. 6 ಬರುತ್ತದೆ, 8 ಉಳಿಯುತ್ತದೆ. ಹಾಗಾದರೆ ಎಂಟು ಸಲ 7 ಕುಣಿಕೆಯಾದ ಮೇಲೆ ಒಂದು ಹೆಚ್ಚಿಸಿ, ನಾಲ್ಕು ಸಲ 6 ಆದ ಮೇಲೆ. ಎರಡನ್ನೂ ಬೆರೆಸಿ ಹಂಚಿ, ಒಂದೇ ಕಡೆ ಗುಂಪು ಹಾಕಬೇಡಿ.

ಚಾರ್ಟ್ (ಚೌಕಕ್ಕೊಂದು ಕುಣಿಕೆಯಂತೆ ಬಿಡಿಸಿದ ನಕ್ಷೆ) ಇದ್ದರೆ ಕೆಳಗಿನಿಂದ ಮೇಲಕ್ಕೆ ಓದಿ. ಹೊರಮೈ ಸಾಲು ಬಲದಿಂದ ಎಡಕ್ಕೆ, ಒಳಮೈ ಸಾಲು ಎಡದಿಂದ ಬಲಕ್ಕೆ. ಟೋಪಿಯಂತೆ ಸುತ್ತಾಗಿ ಹೆಣೆಯುವಾಗ ಎಲ್ಲಾ ಸಾಲೂ ಬಲದಿಂದ ಎಡಕ್ಕೇ. 'ನೋ ಸ್ಟಿಚ್' ಎಂಬ ಬೂದು ಚೌಕ ಬಂದರೆ ಅಲ್ಲಿ ಏನೂ ಇಲ್ಲ, ಮುಂದಿನ ಚೌಕಕ್ಕೆ ಹೋಗಿ. ಅದಕ್ಕೊಂದು ಕುಣಿಕೆ ದಾಟಿಸುವವರನ್ನು ನೋಡಿದ್ದೇನೆ.

ಇಷ್ಟೆಲ್ಲಾ ಮಾಡಿಯೂ ಒಂದು ಸಾಲು ಬಗೆಹರಿಯದಿದ್ದರೆ ಬೇರೆ ನೂಲಿನಲ್ಲಿ ಸುಮಾರು 20 ಕುಣಿಕೆ ಹಾಕಿ ಆ ಸಾಲನ್ನಷ್ಟೇ ಹೆಣೆದು ನೋಡಿ. ಕಣ್ಣಿಗೆ ಅರ್ಥವಾಗದ್ದು ಎಷ್ಟೋ ಸಲ ಕೈಗೆ ಅರ್ಥವಾಗುತ್ತದೆ. ಆಗಲೂ ಲೆಕ್ಕ ಕೂಡದಿದ್ದರೆ ತಪ್ಪು ಪ್ಯಾಟರ್ನ್‌ನದ್ದೇ ಇರಬಹುದು. ಅಚ್ಚಾದ ಪ್ಯಾಟರ್ನ್‌ಗಳಲ್ಲೂ ತಪ್ಪು ನುಸುಳುತ್ತದೆ, ವಿನ್ಯಾಸಕರು 'ಎರಾಟಾ' ಎಂಬ ಹೆಸರಿನಲ್ಲಿ ತಿದ್ದುಪಡಿ ಪ್ರಕಟಿಸುತ್ತಾರೆ. ಮೊದಲು ಅದನ್ನು ಹುಡುಕಿ. ಸಿಗದಿದ್ದರೆ ಅವರಿಗೇ ಬರೆಯಿರಿ: ಯಾವ ಅಳತೆ, ಎಷ್ಟನೇ ಸಾಲು, ಪ್ಯಾಟರ್ನ್ ಹೇಳುವ ಅಂಕಿ ಎಷ್ಟು, ನಿಮಗೆ ಬಂದದ್ದು ಎಷ್ಟು. 'ನನಗೆ ಅರ್ಥವಾಗುತ್ತಿಲ್ಲ' ಎಂದಷ್ಟೇ ಬರೆದರೆ ಅವರಿಗೂ ಅರ್ಥವಾಗುವುದಿಲ್ಲ.