ಪುಟ ಕಟ್ಟುವ ಮೊದಲು ಕಾದಂಬರಿ ತಿದ್ದಿಕೊಳ್ಳುವುದು ಹೀಗೆ

ಧಾರವಾಡದಲ್ಲಿ ಡಿಟಿಪಿ ಮಾಡಿಕೊಂಡು, ಕರಡು ತಿದ್ದಿಕೊಂಡು ನನಗೆ 19 ವರ್ಷವಾಯಿತು. ಪುಟವೆಲ್ಲ ಕಟ್ಟಿ ಮುಗಿಸಿದ ಮೇಲೆ ಕಾದಂಬರಿಕಾರರ ಫೋನು ಬಂದರೆ ವಿಷಯ ಏನೆಂದು ಕೇಳಬೇಕಿಲ್ಲ: ‘ಮೇಡಂ, ಒಂದೇ ಒಂದು ಪ್ಯಾರಾ ತೆಗೀಬೇಕಿತ್ರಿ.’ ಆ ಒಂದು ಪ್ಯಾರಾ ಹೋದರೆ ಅಧ್ಯಾಯದ ಉಳಿದ ಪುಟಗಳೆಲ್ಲ ಜರುಗುತ್ತವೆ, ಕೊನೆಗೆ ಎರಡೇ ಸಾಲಿನ ಪುಟವೊಂದು ಉಳಿಯುತ್ತದೆ. ತಿದ್ದುವುದನ್ನೆಲ್ಲ ವರ್ಡ್ ಫೈಲಿನಲ್ಲೇ ಮುಗಿಸಿ ಕೊಡಿ. ಹೇಗೆಂದು ಹೇಳುತ್ತೇನೆ.

ಬರೆದು ಮುಗಿದ ಮೇಲೆ ಒಂದು ತಿಂಗಳು ಫೈಲು ತೆರೆಯಬೇಡಿ. ಆಮೇಲಿನ ಮೊದಲ ಓದಿನಲ್ಲಿ ಕಾಗುಣಿತದ ಗೊಡವೆಯೇ ಬೇಡ, ಕಥೆಯನ್ನಷ್ಟೇ ನೋಡಿ. ಕೋಳಿ ಕೂಗು, ಮುಂಜಾವಿನ ಮಂಜು, ಊರಿನ ಭೂಗೋಳ ಇರುವ ಮೊದಲ ಅಧ್ಯಾಯವನ್ನು ಪಕ್ಕಕ್ಕಿಟ್ಟು ಎರಡನೆಯದರಿಂದ ಓದಿ. ಏನೂ ಕಳೆದಂತೆ ಅನಿಸದಿದ್ದರೆ ಅದನ್ನು ತೆಗೆದುಬಿಡಿ. ಸಂಕಟವಾಗುತ್ತದೆ, ಗೊತ್ತು.

ಎರಡನೇ ಓದಿಗೆ ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಯಾರು ಯಾವ ವರ್ಷ ಹುಟ್ಟಿದರು, ಯಾರು ಯಾರನ್ನು ಏನೆಂದು ಕರೆಯುತ್ತಾರೆ ಎಂದು ಬರೆದುಕೊಳ್ಳಿ. ಅತ್ತಿಗೆಯನ್ನು ‘ವೈನಿ’ ಎನ್ನುವ ಹುಡುಗ ನೂರು ಪುಟ ದಾಟಿದ ಮೇಲೂ ‘ವೈನಿ’ ಎಂದೇ ಅನ್ನಬೇಕು. ‘ನಾ ಹೊಂಟೇನಿ’ ಎಂದು ಹಾವೇರಿಯಲ್ಲಿ ಬಸ್ಸು ಹತ್ತಿದವಳು ಯಾವ ಕಾರಣವೂ ಇಲ್ಲದೆ ‘ನಾನು ಹೊರಡ್ತಿದೀನಿ ಕಣೇ’ ಎಂದು ಇಳಿಯಬಾರದು. ನನ್ನ ಕೈಗೆ ಬರುವ ಪ್ರತಿಗಳಲ್ಲಿ ಕಾಗುಣಿತಕ್ಕಿಂತ ಹೆಚ್ಚು ಕಾಡುವುದು ಇದು.

ಕಾಲವನ್ನೂ ಇದೇ ಓದಿನಲ್ಲಿ ನೋಡಿ. 1985ರ ಕಥೆಯಲ್ಲಿ ‘ಹಾವೇರಿ ಜಿಲ್ಲಾಧಿಕಾರಿ ಕಚೇರಿ’ ಬಂದರೆ ತಪ್ಪು. ಹಾವೇರಿ, ಗದಗ ಧಾರವಾಡದಿಂದ ಬೇರೆಯಾಗಿ ಜಿಲ್ಲೆಗಳಾದದ್ದು 1997ರಲ್ಲಿ. ವಾಯವ್ಯ ಸಾರಿಗೆ ಬಸ್ಸೂ ಅದೇ ವರ್ಷದ್ದು. 1968ರ ಶಾಲೆಯ ಬೋರ್ಡಿನ ಮೇಲೆ ‘ಕರ್ನಾಟಕ ಸರ್ಕಾರ’ ಎಂದು ಬರೆಸಬೇಡಿ. 1973ರ ನವೆಂಬರ್ 1ರವರೆಗೆ ನಮ್ಮದು ಮೈಸೂರು ರಾಜ್ಯ.

ಇನ್ನು ಹೆಸರು ಬದಲಿಸುವ ವಿಚಾರ. ಒಬ್ಬರು ನಾಯಕಿಯ ಹೆಸರು ರಮಾ ಬೇಡ, ಸುಮಾ ಇರಲಿ ಎಂದರು. ನಾನು ಆಗ ಹೊಸಬಳು, ಒಂದೇ ಏಟಿಗೆ ‘ರಿಪ್ಲೇಸ್ ಆಲ್’ ಒತ್ತಿದೆ. ಕರಡು ಓದುವಾಗ ಅಜ್ಜಿ ಕೈಮುಗಿದು ‘ಪಸುಮಾತ್ಮಾ, ನೀನೇ ಕಾಪಾಡು’ ಎನ್ನುತ್ತಿದ್ದಳು! ಇಡೀ ಪದ ಮಾತ್ರ ಹುಡುಕು ಎಂದರೂ ಕನ್ನಡದಲ್ಲಿ ಕೆಲಸವಾಗುವುದಿಲ್ಲ, ರಮಾಳ, ರಮಾಳಿಗೆ ಎಲ್ಲ ತಪ್ಪಿಸಿಕೊಳ್ಳುತ್ತವೆ. ಗಿರೀಶನನ್ನು ಮಂಜು ಮಾಡಿದರೆ ‘ಗಿರೀಶನಿಗೆ’ ಹೋಗಿ ‘ಮಂಜುನಿಗೆ’ ಆಗುತ್ತದೆ, ಬೇಕಾದದ್ದು ‘ಮಂಜುವಿಗೆ’. ಒಂದೊಂದನ್ನೇ ಕಣ್ಣಿಂದ ನೋಡಿ ಬದಲಿಸಿ, ಬೇರೆ ದಾರಿಯಿಲ್ಲ.

ಕಾಗುಣಿತ ಮೂರನೇ ಓದಿಗೆ. ಕೋಟ್ಯಾಧೀಶ, ಜಾತ್ಯಾತೀತ, ದುರಾದೃಷ್ಟ, ಉದ್ಧಟ, ಉಚ್ಛ ಇವನ್ನು ಹುಡುಕಿ ಕೋಟ್ಯಧೀಶ, ಜಾತ್ಯತೀತ, ದುರದೃಷ್ಟ, ಉದ್ಧತ, ಉಚ್ಚ ಮಾಡಿ. ಸಂಭಾಷಣೆಯಲ್ಲಿ ಮಾತ್ರ ಪಾತ್ರ ಹೇಗೆ ಆಡುತ್ತದೋ ಹಾಗೇ ಇರಲಿ. ‘ಸರಕಾರ’ವೋ ‘ಸರ್ಕಾರ’ವೋ, ಎರಡೂ ನಡೆಯುತ್ತದೆ. ಒಂದನ್ನು ಹಿಡಿದರೆ ಬಿಡಬೇಡಿ, ಅಷ್ಟೆ.

ಫೈಲು ಯೂನಿಕೋಡಿನಲ್ಲಿದೆಯೋ (ಈಗ ಫೋನು, ಕಂಪ್ಯೂಟರ್ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ), ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿದೆಯೋ ಮೊದಲೇ ತಿಳಿಸಿ. ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತಿಲ್ಲ, ಅದರಲ್ಲೇ ಪುಟ ಕಟ್ಟುವವರು ಪಠ್ಯವನ್ನು ಪರಿವರ್ತಿಸಿಕೊಳ್ಳಬೇಕು. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿವೆ. ಹಾಗಾಗಿ ನಡುವೆ ಇಂಗ್ಲಿಷ್ ಲಿಪಿಯಲ್ಲಿ ಬರೆದದ್ದು ಅರ್ಥವಿಲ್ಲದ ಕನ್ನಡವಾಗಿ ಮೂಡುತ್ತದೆ. ‘ಎಂಎಲ್‌ಎ’ ಎಂದು ಕನ್ನಡದಲ್ಲೇ ಬರೆದರೆ ಈ ತಾಪತ್ರಯವಿಲ್ಲ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಉದ್ಧರಣ ಚಿಹ್ನೆ, ‘ರ‍್ಯಾಂಕ್’ನಂಥ ಪದ ಇವನ್ನು ನೀವೇ ಒಮ್ಮೆ ನೋಡಿ.

ಸಿನಿಮಾ ಹಾಡು, ಕವಿತೆಯ ಸಾಲು ಬಳಸಿದ್ದರೆ ಅನುಮತಿ ಕೇಳಿ. ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಅರ್ಪಣೆ, ಲೇಖಕರ ಮಾತು, ಬೆನ್ನುಡಿ ಎಲ್ಲ ಕಾದಂಬರಿಯ ಜೊತೆಗೇ ಕೊಡಿ. ‘ಮುನ್ನುಡಿ ಆಮೇಲೆ ಬರುತ್ತೆ’ ಎಂದವರ ಪುಸ್ತಕ ಆಮೇಲೇ ಬಂದಿದೆ. ನೀವೇ ಪ್ರಕಾಶಕರಾದರೆ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದೆಹಲಿಯ ರಾಜಾ ರಾಮಮೋಹನ ರಾಯ್ ಸಂಸ್ಥೆಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ದುಡ್ಡು ಕೊಡಬೇಕಿಲ್ಲ.

ಕೊನೆಯ ಕರಡನ್ನು ಕಾಗದದ ಮೇಲೆ ತೆಗೆಸಿ, ಅಡಿಪಟ್ಟಿಯಿಟ್ಟು ಸಾಲುಸಾಲಾಗಿ ಓದಿ. ಮನೆಯಲ್ಲಿ ಯಾರಾದರೂ ಗಟ್ಟಿಯಾಗಿ ಓದಿ ಹೇಳಿದರೆ ಇನ್ನೂ ಒಳ್ಳೆಯದು. ಎರಡು ಸಲ ಬಿದ್ದ ‘ಆದರೆ ಆದರೆ’ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ.

ಕಾದಂಬರಿಗಳ ಸಾಮಾನ್ಯ ಅಳತೆಯಾದ ಡೆಮಿ ಅಷ್ಟದಳದಲ್ಲಿ 16 ಪುಟಕ್ಕೆ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಒಂದು ಹಾಳೆ. ನಿಮ್ಮ ಪುಸ್ತಕ ಎಲ್ಲ ಸೇರಿ 162 ಪುಟಕ್ಕೆ ನಿಂತರೆ ಹನ್ನೊಂದನೇ ಫಾರಂನಲ್ಲಿ 14 ಪುಟ ಖಾಲಿ ಬೀಳುತ್ತವೆ. ಆಗ ಮಾತ್ರ ನಾನೇ ಫೋನು ಮಾಡುತ್ತೇನೆ: ‘ಸರ್, ಎಲ್ಲಾದರೂ ಎರಡು ಪುಟದಷ್ಟು ತೆಗೀತೀರೇನ್ರಿ?’